ಡ್ರೈವರ್ ಸಾಹೇಬರ ಸ್ಯಾಂಪಲ್

ಅರವತ್ತು ದಾಟಿದವರ ಮಲ ಪರೀಕ್ಷೆ ಮಾಡಿಸುವ ಕೆಲಸ ಆ ಆಸ್ಪತ್ರೆಯಲ್ಲಿ ಯಾರಿಗೂ ಬೇಡವಾಗಿತ್ತು. ಸುತ್ತಿ ಸುತ್ತಿ ಕೊನೆಗೆ ಸಿಸ್ಟರ್ ಕೊರಳಿಗೆ ಬಿತ್ತು. ಹೇಳುವುದಕ್ಕೇನೋ ಸುಲಭ. ಹೆಬ್ಬೆರಳಿನಷ್ಟು ಪುಟ್ಟ ಬಾಟಲಿ, ಅದರ ಮುಚ್ಚಳಕ್ಕೇ ಅಂಟಿದ ಕಡ್ಡಿ. ಕಡ್ಡಿಯ ತುದಿಗೆ ಒಂದಿಷ್ಟು ತಾಗಿಸಿ, ಮುಚ್ಚಿ, ಹೆಸರು ತಾರೀಖು ಬರೆದು ತಂದುಕೊಟ್ಟರೆ ಮುಗಿಯಿತು. ಕಣ್ಣಿಗೆ ಕಾಣದಷ್ಟು ರಕ್ತವಿದ್ದರೂ ಪರೀಕ್ಷೆಯಲ್ಲಿ ಗೊತ್ತಾಗುತ್ತದೆ. ದೊಡ್ಡ ಕರುಳಿನ ಕ್ಯಾನ್ಸರ್ ಇದ್ದರೆ ಬೇಗ ಸಿಕ್ಕಿಬೀಳುತ್ತದೆ. ಇಷ್ಟನ್ನು ದಿನಕ್ಕೆ ಇಪ್ಪತ್ತು ಸಲ ಹೇಳಿ ಹೇಳಿ ಅವಳ ಗಂಟಲ ಪಸೆ ಆರಿಹೋಗಿತ್ತು. ಒಬ್ಬರು ಆ ಬಾಟಲಿಯಲ್ಲಿ ಹೊಲಿಗೆ ಸೂಜಿ ತುಂಬಿಟ್ಟುಕೊಂಡಿದ್ದರು. ಇನ್ನೊಬ್ಬರು ಮೂತ್ರ ಹಿಡಿದು ತಂದು ಹೆಮ್ಮೆಯಿಂದ ಮೇಜಿನ ಮೇಲಿಟ್ಟಿದ್ದರು.

ಅವಳಿಗೆ ನಿಜವಾಗಿ ತಲೆಚಿಟ್ಟು ಹಿಡಿಸಿದ್ದು ಮಾತ್ರ ಡ್ರೈವರ್ ಸಾಹೇಬರು. ಮೂವತ್ತು ವರ್ಷ ಬಸ್ಸು ಓಡಿಸಿ ನಿವೃತ್ತರಾದ ಅರವತ್ತೆಂಟರ ಆಸಾಮಿ. ಬಿ.ಪಿ. ಮಾತ್ರೆಗೆಂದು ತಿಂಗಳಿಗೊಮ್ಮೆ ಬರುತ್ತಿದ್ದರು. ಅವರ ಹೆಂಡತಿ ಚೀಲ ಹಿಡಿದುಕೊಂಡು ಬಾಗಿಲ ಪಕ್ಕದ ಬೆಂಚಿನಲ್ಲಿ ಕೂತಿರುತ್ತಿದ್ದರು.

"ನಂಗೇನಾಗಿದೆ ಸಿಸ್ಟರ್? ಓಡೋ ಗಾಡಿ ಬಾನೆಟ್ ಯಾರಾದ್ರೂ ಎತ್ತಿ ನೋಡ್ತಾರಾ?"

"ಬ್ರೇಕ್ ನೋಡದೆ ಡಿಪೋದಿಂದ ಬಸ್ ತೆಗೀತಿದ್ರಾ ನೀವು?"

"ಅದು ಮೆಕ್ಯಾನಿಕ್ ಕೆಲಸ."

"ಇಲ್ಲಿ ನಾನೇ ಮೆಕ್ಯಾನಿಕ್ ಅಂದ್ಕೊಳ್ಳಿ."

"ಅಲ್ಲಮ್ಮ, ಅದನ್ನ ತಂದು ನಿಮ್ಮ ಕೈಗೆ ಕೊಡೋದಾ? ಮಾನ ಮರ್ಯಾದೆ ಅಂತ ಒಂದಿದೆ."

ಹೀಗೇ ಐದು ತಿಂಗಳು ಹೋಯಿತು. ಜಪ್ಪಯ್ಯ ಅಂದರೂ ಮನುಷ್ಯ ಜಗ್ಗಲಿಲ್ಲ. ಫೋನ್ ಮಾಡಿದರೆ "ರಾಂಗ್ ನಂಬರ್" ಎಂದು ತಮ್ಮದೇ ದನಿಯಲ್ಲಿ ಹೇಳಿ ಇಟ್ಟುಬಿಡುತ್ತಿದ್ದರು.

ಆರನೇ ತಿಂಗಳು ತಾವಾಗಿಯೇ ಬಾಟಲಿ ತಂದರು. ಮೇಲೆ ಮುತ್ತಿನಂಥ ಅಕ್ಷರದಲ್ಲಿ ಹೆಸರು, ತಾರೀಖು. "ಇನ್ನಾದ್ರೂ ನನ್ನ ಬೆನ್ನು ಬಿಡ್ತೀರಾ?" ಎಂದರು. ಸಿಸ್ಟರಿಗೆ ಅಂದು ಊಟವೂ ರುಚಿಸಿತು.

ವಾರದ ನಂತರ ವರದಿ ಬಂತು. ರಕ್ತ ಇತ್ತು.

ಅವಳು ಅವರನ್ನು ಕರೆಸಿ ಕೂರಿಸಿಕೊಂಡು, ಮಾತನ್ನು ತೂಗಿ ತೂಗಿ ಹೇಳಿದಳು. ಹೆದರಬೇಕಿಲ್ಲ, ರಕ್ತ ಇದ್ದಮಾತ್ರಕ್ಕೆ ಕ್ಯಾನ್ಸರ್ ಎಂದಲ್ಲ, ಆದರೆ ಸಣ್ಣ ಕ್ಯಾಮೆರಾ ಇರುವ ಕೊಳವೆ ಬಿಟ್ಟು ಕರುಳನ್ನು ನೋಡಲೇಬೇಕು. ಡ್ರೈವರ್ ಸಾಹೇಬರು ಮೇಜಿನ ಅಂಚನ್ನು ಉಗುರಿನಿಂದ ಕೆರೆದರು.

"ಅದು ನಂದಲ್ಲ ಸಿಸ್ಟರ್."

"ಯಾವುದು?"

"ಬಾಟಲೀಲಿ ಇದ್ದಿದ್ದು." ಗದ್ದದಲ್ಲೇ ಬೆಂಚಿನ ಕಡೆ ತೋರಿಸಿದರು. "ನಿಮ್ಮ ಕಾಟ ತಡೀಲಾರದೆ ಇವಳ ಹತ್ರ ಹಿಡಿಸ್ಕೊಂಡು ಬಂದೆ. ಒಂದೇ ಮನೆ, ಒಂದೇ ಊಟ. ಏನು ವ್ಯತ್ಯಾಸ ಇರುತ್ತೆ ಅಂದ್ಕೊಂಡೆ."

ಸಿಸ್ಟರಿಗೆ ಬಾಯಿಗೆ ಬಂದದ್ದೆಲ್ಲ ಬೈದುಬಿಡಬೇಕು ಅನ್ನಿಸಿತು. ತಿರುಗಿ ಬೆಂಚಿನತ್ತ ನೋಡಿದಳು. ಆ ಹೆಂಗಸು ಇಷ್ಟು ತಿಂಗಳು ಅವಳ ಮೇಜಿನಿಂದ ಎಂಟು ಹೆಜ್ಜೆ ದೂರದಲ್ಲೇ ಕೂತಿದ್ದರು. ಅವರ ಹೆಸರಿನ ಚೀಟಿ ಇರಲಿಲ್ಲ. ಹಾಗಾಗಿ ಅವರಿಗೊಂದು ಬಾಟಲಿ ಕೊಡಬೇಕೆಂದು ತನಗೆ ಹೊಳೆದಿರಲೇ ಇಲ್ಲ. ಡ್ರೈವರ್ ಸಾಹೇಬರ ಮೇಲಿದ್ದ ಸಿಟ್ಟಿನಲ್ಲಿ ಅರ್ಧ ತನ್ನ ಮೇಲೇ ತಿರುಗಿತು. ಎದ್ದು ಹೋಗಿ ಅವರ ಪಕ್ಕ ಕೂತಳು.

"ಅಮ್ಮ, ನಿಮಗೆ ವಯಸ್ಸೆಷ್ಟು?"

"ಅರವತ್ತನಾಲ್ಕೋ ಐದೋ."

"ಹೊರಕಡೆ ಹೋದಾಗ ರಕ್ತ ಏನಾದ್ರೂ ಕಾಣಿಸ್ತಿತ್ತಾ?"

"ಒಂದೊಂದು ಸಲ. ಮೂಲವ್ಯಾಧಿ ಇರ್ಬೇಕು ಅಂತ ಸುಮ್ನಾದೆ."

"ಯಾರಿಗೂ ಹೇಳ್ಲಿಲ್ವಾ?"

"ಯಾರೂ ಕೇಳ್ಲಿಲ್ವಲ್ಲಮ್ಮ."

ಡ್ರೈವರ್ ಸಾಹೇಬರು ಹಿಂದೆಯೇ ಬಂದು ನಿಂತಿದ್ದರು. "ನಂಗಾದ್ರೂ ಹೇಳ್ಬಾರ್ದಿತ್ತಾ?" ಎಂದರು. ಹೆಂಡತಿ ಅವರ ಮುಖವನ್ನೊಮ್ಮೆ ನೋಡಿ, ಚೀಲವನ್ನು ಮಡಿಲಿಗೆ ಎಳೆದುಕೊಂಡರು.

ಮುಂದಿನ ವಾರ ಆಕೆಗೆ ಕ್ಯಾಮೆರಾ ಪರೀಕ್ಷೆ ಆಯಿತು. ಕರುಳಿನ ಕೆಳಭಾಗದಲ್ಲಿ ಗಂಟೊಂದಿತ್ತು. ಅದರಲ್ಲಿ ಕ್ಯಾನ್ಸರ್ ಶುರುವಾಗಿತ್ತು, ಆದರೆ ಕರುಳಿನ ಗೋಡೆ ದಾಟಿರಲಿಲ್ಲ. ಆಪರೇಷನ್ ಮಾಡಿ ಆ ಭಾಗ ತೆಗೆದರು. ಇನ್ನೊಂದು ವರ್ಷ ಬಿಟ್ಟು ಬಂದಿದ್ದರೆ ಕಥೆ ಬೇರೆ ಆಗುತ್ತಿತ್ತು ಎಂದು ಸರ್ಜನ್ ಹೇಳಿದಾಗ ಡ್ರೈವರ್ ಸಾಹೇಬರು ವರಾಂಡದ ಗೋಡೆಗೆ ಒರಗಿಕೊಂಡರು. ಹೆಂಡತಿ ಮನೆಗೆ ಬಂದ ಮೇಲೆ ಎರಡು ತಿಂಗಳು ಅಡುಗೆ ಅವರದೇ. ಉಪ್ಪು ಹೆಚ್ಚೋ ಕಡಿಮೆಯೋ, ಆಕೆ ಮರುಮಾತಾಡದೆ ಉಂಡರಂತೆ.

ಮೂರನೇ ತಿಂಗಳು ಇಬ್ಬರೂ ಆಸ್ಪತ್ರೆಗೆ ಬಂದರು. ಸಿಸ್ಟರ್ ಡ್ರಾಯರ್ ಎಳೆದು ಹೊಸ ಬಾಟಲಿ ತೆಗೆದಿಟ್ಟಳು.

"ಈಗ ಬೇಡ ಸಿಸ್ಟರ್," ಡ್ರೈವರ್ ಸಾಹೇಬರು ರಾಗ ಎಳೆದರು. "ಇವಳು ಪೂರ್ತಿ ಸುಧಾರಿಸ್ಕೊಳ್ಳಲಿ. ಆಮೇಲೆ ನೋಡೋಣ."

ಸಿಸ್ಟರ್ ಹಣೆ ಹಣೆ ಚಚ್ಚಿಕೊಂಡಳು. ಅಷ್ಟರಲ್ಲಿ ಹೆಂಡತಿ ಕೈಚಾಚಿ ಬಾಟಲಿಯನ್ನು ತೆಗೆದುಕೊಂಡರು.

"ನಾಳೆ ಬೆಳಿಗ್ಗೆ ತಲುಪುತ್ತೆ," ಎಂದರು. "ಕಕ್ಕಸಿನ ಬಾಗಿಲಲ್ಲಿ ನಾನೇ ನಿಂತಿರ್ತೀನಿ."

ಮರುದಿನ ಒಂಬತ್ತಕ್ಕೆಲ್ಲ ಬಾಟಲಿ ಬಂತು. ವಾರದ ನಂತರ ಬಂದ ವರದಿಯಲ್ಲಿ ರಕ್ತವಿರಲಿಲ್ಲ. ಫಲಿತಾಂಶ ಹೇಳಲು ಸಿಸ್ಟರ್ ಫೋನ್ ಮಾಡಿದಳು. ಆ ಕಡೆಯಿಂದ ಒಂದು ದೊಡ್ಡ ನಿಟ್ಟುಸಿರು ಕೇಳಿಸಿತು. ಹಿಂದೆಯೇ ಎಂದಿನ ಜೋರು ದನಿ:

"ಮತ್ತೆ? ಅವತ್ತಿಂದ ನಾನೇನು ಹೇಳ್ತಾ ಇದ್ದೆ?"

ಸಿಸ್ಟರ್ ಫೋನ್ ಇಟ್ಟು, ಎರಡು ಲೋಟ ನೀರು ಕುಡಿದು, ಸಾಲಿನಲ್ಲಿದ್ದ ಮುಂದಿನ ಅಜ್ಜಿಯನ್ನು ಒಳಗೆ ಕರೆದಳು. ಜೊತೆಗೆ ಬಂದಿದ್ದ ತಾತನನ್ನೂ ಕರೆದು, ಮೇಜಿನ ಮೇಲೆ ಎರಡು ಬಾಟಲಿ ಇಟ್ಟಳು. ಇಬ್ಬರೂ ಒಟ್ಟಿಗೆ ಬೇಡವೆಂದು ತಲೆಯಾಡಿಸಿದರು.