ಚನ್ನಬೈರಪ್ಪನ ಮೀಟರು

ಜಡಿಗೇನಹಳ್ಳಿ ಕಡೆ ಕರೆಂಟು ಉರಿಸುವವರಲ್ಲಿ ಅರ್ಧ ಜನ ಸತ್ತವರು. ತಮಾಷೆಗೆ ಹೇಳುತ್ತಿಲ್ಲ. ಮೀಟರು ತಾತನ ಹೆಸರಿನಲ್ಲಿರುತ್ತದೆ, ತಾತ ಯಾವತ್ತೋ ಹೊಲದ ಬದುವಿನಲ್ಲಿ ಮಣ್ಣಾಗಿರುತ್ತಾನೆ, ಬಿಲ್ಲು ಮಾತ್ರ ತಿಂಗಳು ತಿಂಗಳೂ ಅವನ ಹೆಸರಿಗೇ ಬರುತ್ತಿರುತ್ತದೆ. ಹೆಸರು ಬದಲಾಯಿಸಿಕೊಳ್ಳಿ ಅಂದರೆ, "ಕರೆಂಟು ಬರ್ತಾ ಐತಲ್ಲ, ಬಿಡಪ್ಪಾ" ಅನ್ನುತ್ತಾರೆ. ನಾನು ಹೊಸಕೋಟೆಯ ಅಕೀಬ್. ಮನೆಗಳ ಮೇಲೆ ಸೋಲಾರ್ ಹಾಕಿಕೊಡುವುದು ನನ್ನ ಕಸುಬು. ಈ ಸತ್ತವರಿಂದ ನಾನು ಪಟ್ಟಷ್ಟು ಪಾಡು ಬದುಕಿರುವವರಿಂದ ಪಟ್ಟಿಲ್ಲ.

ಯಾಕೆಂದರೆ ಸರ್ಕಾರದ ಸಬ್ಸಿಡಿಗೂ ಒಂದು ಹಟವಿದೆ. ಮೂರು ಕಿಲೋವ್ಯಾಟ್ ಹಾಕಿಸಿದರೆ ಎಪ್ಪತ್ತೆಂಟು ಸಾವಿರ ವಾಪಸ್ ಬರುತ್ತದೆ, ಸರಿ. ಆದರೆ ಮೀಟರು ಯಾರ ಹೆಸರಿನಲ್ಲಿದೆಯೋ ಅವರ ಖಾತೆಗೇ ಬರಬೇಕು. ಸ್ವರ್ಗದಲ್ಲಿ ಬ್ಯಾಂಕಿನ ಬ್ರಾಂಚ್ ಇನ್ನೂ ತೆರೆದಿಲ್ಲ.

ಗಂಗಣ್ಣನ ಮನೆಯಲ್ಲೂ ಇದೇ ಕಥೆ. ಮನೆ ತುಂಬ ಜನ, ಎರಡು ಫ್ರಿಜ್ಜು, ಗೀಸರು, ಸಂಪಿನ ಮೋಟಾರು. ಬಿಟ್ಟಿ ಕರೆಂಟಿನ ಮಿತಿಯನ್ನು ದಾಟಿ ಎಷ್ಟೋ ಕಾಲವಾಗಿತ್ತು. ಸಬ್ಸಿಡಿ ಸಿಕ್ಕರೆ ಹಾಕಿಸುತ್ತೇನೆ, ಇಲ್ಲದಿದ್ದರೆ ನನ್ನ ಕೈಲಾಗದು ಎಂದು ಗಂಗಣ್ಣ ಮೊದಲೇ ಹೇಳಿದ್ದ. ತಾರಸಿ ನೋಡಿದೆ. ಸುತ್ತ ಒಂದು ಮರದ ನೆರಳಿಲ್ಲ, ದಕ್ಷಿಣಕ್ಕೆ ಬಿಚ್ಚಿಟ್ಟ ಹಾಗೆ ಬಿಸಿಲು. ಖುಷಿಯಾಗಿ ಕೆಳಗಿಳಿದು ಬಿಲ್ಲು ಕೇಳಿದೆ. ಅದರ ಮೇಲೆ ಚನ್ನಬೈರಪ್ಪ ಎಂದಿತ್ತು.

"ನಮ್ಮಪ್ಪ" ಎಂದ ಗಂಗಣ್ಣ.

ತೌಬಾ, ಇನ್ನೊಬ್ಬ ಸತ್ತವನು! ಆದರೂ ಇದೇನು ದೊಡ್ಡ ಕೆಲಸವಲ್ಲ. ಮರಣ ಪತ್ರವಿತ್ತು, ತಮ್ಮ ತಂಗಿಯರು ಒಪ್ಪಿದ್ದರು. ಹೆಸರನ್ನು ಗಂಗಣ್ಣನಿಗೆ ವರ್ಗ ಮಾಡಲು ತಾಯಿ ಪಿಳ್ಳಮ್ಮ ಒಂದು ಹೆಬ್ಬೆಟ್ಟು ಒತ್ತಬೇಕಿತ್ತು, ಅಷ್ಟೇ.

ಪಿಳ್ಳಮ್ಮ ಜಗಲಿಯ ಮೇಲೆ ಕೂತು ಅವರೆಕಾಯಿ ಬಿಡಿಸುತ್ತಿದ್ದಳು. ತಲೆಯೆತ್ತದೆ, "ಆಗಕ್ಕಿಲ್ಲ" ಎಂದಳು.

"ಯಾಕವ್ವಾ? ನಾನೇನು ಮನೆ ಬರೆಸ್ಕೊತಾ ಇದ್ದೀನಾ? ಬರೀ ಮೀಟರು ಕಣವ್ವಾ!" ಗಂಗಣ್ಣನ ದನಿ ಏರಿತು.

"ಮೀಟರೇ ಆಗಕ್ಕಿಲ್ಲ ಅಂದಿದ್ದು."

ನನಗೂ ಸಿಟ್ಟು ಬಂತು. ಮಹಡಿ ಹತ್ತಿ ಅಳತೆ ಹಿಡಿದು ಬೆವರು ಸುರಿಸಿದವನು ನಾನು. ಮುದುಕರ ಹಟಕ್ಕೆ ಮದ್ದಿಲ್ಲ ಎಂದುಕೊಂಡು ಟೇಪು ಸುತ್ತಿ ಚೀಲಕ್ಕೆ ಹಾಕಿಕೊಂಡೆ. ಅಷ್ಟರಲ್ಲಿ ಗೇಟಿನ ಹತ್ತಿರ ಬೈಕು ನಿಂತಿತು. ಮೀಟರ್ ಓದುವ ಅಂಬರೀಶ್. ಅವನದೊಂದು ಪದ್ಧತಿ. ಬೆಲ್ಲು ಒತ್ತುವುದಿಲ್ಲ, ಬಾಗಿಲು ತಟ್ಟುವುದಿಲ್ಲ, ಬಿಲ್ಲಿನಲ್ಲಿರುವ ಹೆಸರನ್ನು ಬೀದಿಗೆಲ್ಲ ಕೇಳುವ ಹಾಗೆ ಕೂಗುತ್ತಾನೆ.

"ಚನ್ನಬೈರಪ್ಪಾ!"

ಪಿಳ್ಳಮ್ಮನ ಕೈ ನಿಂತಿತು. ಮಡಿಲಿನ ಕಾಳನ್ನು ಮೊರಕ್ಕೆ ಸುರಿದು, ಸೆರಗನ್ನು ತಲೆಯ ಮೇಲೆಳೆದುಕೊಂಡು, ಮಂಡಿನೋವಿನಲ್ಲೂ ಕಂಬ ಹಿಡಿದು ಎದ್ದು ನಿಂತಳು. ಯಾರೋ ಹಿರಿಯರು ಒಳಗೆ ಬರುತ್ತಿದ್ದಾರೆ ಅನ್ನಬೇಕು, ಹಾಗೆ ನಿಂತಳು. ಬಿಲ್ಲನ್ನು ಗಂಗಣ್ಣನಿಗೂ ಬಿಡದೆ ತಾನೇ ಹೋಗಿ ಎರಡೂ ಕೈಯಲ್ಲಿ ಇಸಕೊಂಡಳು. ಅಂಬರೀಶ್ ಮುಂದಿನ ಮನೆಗೆ ಹೋದ ಮೇಲೂ ಸ್ವಲ್ಪ ಹೊತ್ತು ಗೇಟಿನ ಹತ್ತಿರವೇ ಇದ್ದಳು.

ನನಗೆ ಅರ್ಥವಾಯಿತು. ಯಾಕೆಂದರೆ ನಮ್ಮ ದಾದಿ, ಅಂದರೆ ನಮ್ಮಪ್ಪನ ತಾಯಿ ಉಮ್ಮೆ ಹಬೀಬಾ ಕೂಡ ತನ್ನ ಗಂಡನ, ನಮ್ಮ ದಾದಾನ, ಹೆಸರು ಹೇಳಿದವಳಲ್ಲ. ಕರೆಯಬೇಕಾದರೆ ನಮ್ಮಪ್ಪನ ಹೆಸರು ಹಿಡಿದು "ಇಂಥವನ ಅಬ್ಬಾ" ಅನ್ನುತ್ತಿದ್ದಳು. ಗಂಡನ ಹೆಸರು ಹೇಳಿದರೆ ಅವನ ಆಯಸ್ಸು ಕಮ್ಮಿಯಾಗುತ್ತದೆ ಅನ್ನುವ ಹೆದರಿಕೆಗೆ ಜಾತಿಯಿಲ್ಲ.

"ಅಜ್ಜೀ, ನೀವು ಅವರ ಹೆಸರು ಹೇಳಲ್ಲ, ಅಲ್ವಾ?" ಎಂದು ಮೆಲ್ಲಗೆ ಕೇಳಿದೆ.

"ಹೇಳ್ತಾರೇನಪ್ಪಾ? ಮದುವೆಯಾಗಿ ಬಂದ ದಿವ್ಸ ನಮ್ಮ ನಾದಿನಿ ಈ ಬಾಗಿಲಿಗೆ ಅಡ್ಡ ನಿಂತು, ಹೆಸರು ಹೇಳು, ಆಮೇಲೆ ಒಳಗೆ ಬಿಡ್ತೀನಿ ಅಂದ್ಳು. ಅವತ್ತು ಹೇಳಿದ್ದೇ. ಆಮೇಲೆ ಒಂದ್ಸಲಾನೂ ಹೇಳಿಲ್ಲ." ಬಿಲ್ಲನ್ನು ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. "ಮಕ್ಕಳು ಅಪ್ಪ ಅಂತಾವೆ, ಮೊಮ್ಮಕ್ಕಳು ತಾತ ಅಂತಾವೆ. ಹೆಸರು ಹಿಡಿದು ಕರೆಯೋ ವಾರಿಗೆಯೋರು ಊರಲ್ಲಿ ಒಬ್ಬರೂ ಉಳಿದಿಲ್ಲ. ತಿಂಗಳಿಗೊಂದ್ಸಲ ಈ ಹುಡುಗ ಬಂದು ಕೂಗ್ತಾನೆ. ಅದನ್ನೂ ಕಿತ್ತುಕೊಂಡು ಹೋಗ್ತೀಯಾ?"

ಇಷ್ಟು ವರ್ಷ ಒಂದೇ ಮನೆಯಲ್ಲಿದ್ದೂ ಗಂಗಣ್ಣನಿಗೆ ಇದು ಗೊತ್ತಿರಲಿಲ್ಲ ಅನ್ನುವುದು ಅವನ ಮುಖದಲ್ಲೇ ಕಾಣುತ್ತಿತ್ತು. "ಬಿಟ್ಬಿಡು ಅಕೀಬ್. ಸೋಲಾರೂ ಬೇಡ ಏನೂ ಬೇಡ" ಎಂದ. ನಾನೂ ಚೀಲ ಹೆಗಲಿಗೇರಿಸಿದೆ. ವ್ಯಾಪಾರ ಹೋಯಿತೆಂಬ ಬೇಜಾರು ಅವತ್ತು ನನಗೆ ಆಗಲಿಲ್ಲ, ನಿಜವಾಗಿ.

ಗೇಟು ದಾಟುವಾಗ ಪಿಳ್ಳಮ್ಮ ಕರೆದಳು. "ಏ ಅಪ್ಪಯ್ಯಾ, ಹಗಲೊತ್ತು ಇವರೆಲ್ಲಾ ಹೊಲದಲ್ಲಿರ್ತಾರೆ. ಆವಾಗ ಬರೋ ಕರೆಂಟು ಏನಾಗ್ತದೆ? ಡಬ್ಬದಲ್ಲಿ ತುಂಬಿಡ್ತದಾ?"

"ಇಲ್ಲ ಅಜ್ಜಿ. ಮೀಟರಿನಿಂದ ಆಚೆ ಹೋಗಿ ಲೈನಿಗೆ ಸೇರ್ತದೆ. ಪಕ್ಕದ ಮನೆಯಲ್ಲಿ ಫ್ಯಾನು ತಿರುಗ್ತಾ ಇದ್ರೆ ಅಲ್ಲಿಗೆ ಹೋಗ್ತದೆ. ನಿಮ್ಮ ಲೆಕ್ಕಕ್ಕೆ ಜಮಾ ಆಗ್ತದೆ."

"ನಮ್ಮ ಮನೆ ಮೇಲಿನ ಬಿಸಿಲು ಪಕ್ಕದ ಮನೆ ಫ್ಯಾನಿಗಾ?"

"ಹೂಂ."

ಅವಳು ಅವರೆಕಾಯಿಯ ಮೊರದ ಮುಂದೆ ಕೂತಳು. ಬಿಡಿಸಲಿಲ್ಲ. "ಈ ಬೀದಿಗೆ ಮೊದಲು ಲೈಟು ಹಾಕಿಸಿದೋರು ಅವರೇ" ಎಂದಳು. "ಬಲ್ಬು ಒಳಗೆ ಹಾಕ್ಸಿ ಅಂದೆ. ಕೇಳಲಿಲ್ಲ. ಈ ಜಗಲಿ ಮೇಲೆ ಹಾಕ್ಸಿದ್ರು. ಬೀದಿ ಹುಡುಗರೆಲ್ಲಾ ಇಲ್ಲಿ ಕೂತು ಓದ್ಕೊಳ್ಳೋರು, ನಾನು ಒಳಗೆ ಬುಡ್ಡಿ ದೀಪದ ಬೆಳಕಲ್ಲಿ ಮುದ್ದೆ ತೊಳಸ್ತಿದ್ದೆ. ಎಷ್ಟು ಬೈದಿದ್ದೀನಿ ಗೊತ್ತಾ!" ಎಂದು ನಕ್ಕಳು, ನಗುತ್ತಲೇ ಕಣ್ಣೊರೆಸಿಕೊಂಡಳು. "ಅವರಿದ್ದಿದ್ರೆ ಈ ಸೋಲಾರನ್ನ ಊರಿಗೆಲ್ಲ ಮೊದಲು ಹಾಕ್ಸೋರು. ಅವರ ಹೆಸರು ಉಳಿಸ್ತೀನಿ ಅಂತ ಅವರು ಮಾಡೋ ಕೆಲಸಕ್ಕೇ ನಾನು ಅಡ್ಡ ನಿಂತ್ರೆ ಅವರು ಮೆಚ್ತಾರಾ?"

ನಾನು ಹೆಗಲಿನ ಚೀಲ ಇಳಿಸಿದೆ.

"ಇವನ ಹೆಸರಿಗೆ ಹೆಬ್ಬೆಟ್ಟು ಒತ್ತಕ್ಕಿಲ್ಲ" ಎಂದಳು. "ಹೆಸರು ನಂಗೇ ಬರ್ಕೊಡು. ಅವರ ಜಾಗಕ್ಕೆ ಬೇರೆ ಯಾರೂ ಬೇಡ, ಮಗನಾದ್ರೂ ಸರಿ. ನಾನೇ ಬತ್ತೀನಿ."

ಗಂಗಣ್ಣ ಒಂದು ಮಾತೂ ಎದುರಾಡದೆ ಅವ್ವನನ್ನು ಹೊಸಕೋಟೆಗೆ ಕರೆದುಕೊಂಡು ಬಂದ. ಕಚೇರಿಯಲ್ಲಿ ಗಂಡನ ಹೆಸರೇನು ಎಂದು ಕೇಳಿದಾಗ ಅವಳು ಮಗನ ಕಡೆ ನೋಡಿದಳು, ಅವನು ಹೇಳಿದ. ಹೆಸರು ಬದಲಾಯಿತು, ಅರ್ಜಿ ಹೋಯಿತು, ತಾರಸಿಯ ಮೇಲೆ ಪ್ಯಾನೆಲ್ಲುಗಳು ಕೂತವು, ಹಳೆ ಮೀಟರಿನ ಜಾಗಕ್ಕೆ ಎರಡೂ ಕಡೆಯ ಲೆಕ್ಕ ಹಿಡಿಯುವ ಹೊಸ ಮೀಟರು ಬಂತು. ಸಬ್ಸಿಡಿಯೂ ಪಿಳ್ಳಮ್ಮನ ಖಾತೆಗೆ ಬಿತ್ತು. ಇಷ್ಟೆಲ್ಲ ಆದರೂ ನನಗೆ ಒಂದೇ ಅಳುಕು. ಆ ಹುಡುಗ ಬಂದು ಕೂಗುವ ದಿನ ಈ ಮುದುಕಿ ಏನಾಗುತ್ತಾಳೆ?

ಹೊಸ ಬಿಲ್ಲು ಬರುವ ದಿನ ಬೇಕೆಂತಲೇ ಹೋದೆ. ಅವಳು ಜಗಲಿಯ ಮೇಲೆ ಹುಣಸೆಹಣ್ಣು ಜಜ್ಜುತ್ತಿದ್ದಳು. ಬೈಕು ನಿಂತಿತು.

"ಪಿಳ್ಳಮ್ಮಾ!"

ಅವಳು ಏಳಲಿಲ್ಲ. ಅಂಬರೀಶ್ ಇನ್ನೊಂದು ಸಲ ಕೂಗಿದ. ಆ ಹೆಸರು ತನ್ನದೆಂದು ಗೊತ್ತೇ ಇಲ್ಲದವಳ ಹಾಗೆ ಕೂತಿದ್ದಳು. ಹಾಳಾದ ಸಬ್ಸಿಡಿ, ಯಾಕಾದರೂ ಈ ಮನೆಗೆ ಬಂದೆನೋ ಎಂದು ನನ್ನನ್ನೇ ಬೈದುಕೊಂಡೆ. ಗಂಗಣ್ಣ ಬಿಲ್ಲು ಇಸಕೊಳ್ಳಲು ಹೆಜ್ಜೆಯಿಟ್ಟ.

"ನಿಲ್ಲಲಾ" ಎಂದಳು ಪಿಳ್ಳಮ್ಮ. ಕೈ ಒರೆಸಿಕೊಂಡು, ಸೆರಗು ಎಳೆದುಕೊಂಡು, ಕಂಬ ಹಿಡಿದು ಎದ್ದಳು. ಗೇಟಿಗೆ ಹೋಗಲಿಲ್ಲ. ಆವತ್ತು ನಾದಿನಿ ಅಡ್ಡಗಟ್ಟಿದ್ದ ಅದೇ ಹೊಸ್ತಿಲ ಮುಂದೆ ನಿಂತಳು.

"ಇಲ್ಲಿ ಬಾರಪ್ಪಾ. ಇನ್ನು ನೀನು ಅವರ ಹೆಸರು ಕೂಗಕ್ಕಿಲ್ಲ, ಅಲ್ವಾ?"

"ಬಿಲ್ಲಲ್ಲಿ ಇಲ್ಲವಲ್ಲ ಅಜ್ಜಿ" ಎಂದ ಅಂಬರೀಶ್, ಏನು ತಪ್ಪು ಮಾಡಿದೆನೋ ಎಂಬಂತೆ.

"ಹೋಗ್ಲಿ ಬಿಡು. ಇನ್ನು ಅವರ ಆಯಸ್ಸು ಕಮ್ಮಿಯಾಗೋ ಭಯ ಇಲ್ವಲ್ಲ." ಉಸಿರೆಳೆದುಕೊಂಡಳು. ತುಟಿ ಒಂದೆರಡು ಸಲ ಅಲುಗಿತು, ದನಿ ಬರಲಿಲ್ಲ. ಆಮೇಲೆ ಬೀದಿಗೆಲ್ಲ ಕೇಳುವ ಹಾಗೆ ಬಂತು.

"ಚನ್ನಬೈರಪ್ಪನ ಮನೆ ಕಣಪ್ಪಾ ಇದು! ಚನ್ನಬೈರಪ್ಪನ ಹೆಂಡ್ತಿ ಪಿಳ್ಳಮ್ಮ ನಾನು. ಕೊಡು ಬಿಲ್ಲು."

ಹೇಳಿದವಳೇ ಸೆರಗಿನಿಂದ ಬಾಯಿ ಮುಚ್ಚಿಕೊಂಡು, ಕಿವಿಯವರೆಗೂ ಕೆಂಪಾಗಿ, ಮಗನ ಮುಖ ನೋಡಲಾರದೆ ಒಳಗೆ ಹೋಗಿಬಿಟ್ಟಳು. ಬಿಲ್ಲು ಅಂಬರೀಶನ ಕೈಯಲ್ಲೇ ಉಳಿಯಿತು.