ಭಾವನ ದನಿಗೆ ಒಂದು ಪದ

ಷಹನಾಜ್ ಕಂಪ್ಯೂಟರ್ ಪರದೆಯ ಮೇಲ್ಭಾಗಕ್ಕೆ ರಟ್ಟು ಅಂಟಿಸಿಕೊಂಡು ಕೆಲಸ ಮಾಡುತ್ತಿದ್ದಳು. ಕಿವುಡರಿಗಾಗಿ ಡಿವಿಡಿಗಳ ಮಾತನ್ನು ಅಕ್ಷರಕ್ಕಿಳಿಸುವುದು ಅವಳ ಉದ್ಯೋಗ. ಆ ವಾರ ಕಂಪನಿ ಕಳಿಸಿದ್ದು ವಯಸ್ಕರ ಚಿತ್ರ. ಮಾತು ಕೇಳಿಸಿದರೆ ಸಾಕಿತ್ತು, ದೃಶ್ಯ ನೋಡಬೇಕಿರಲಿಲ್ಲ. ಗಂಡ ಸತ್ತ ಮೂವತ್ತೈದರ ಹೆಂಗಸು, ಅವಳ ಭಾವ: ಕೂಡಬಾರದ ಸಂಬಂಧ ಎಂಬುದೇ ಚಿತ್ರದ ಸರಕು. ಭಾವ ಒಮ್ಮೆಯೂ ದನಿ ಏರಿಸುವುದಿಲ್ಲ. ಅವಳ ಗೆಳತಿಯರನ್ನು ಒಬ್ಬೊಬ್ಬರನ್ನಾಗಿ ದೂರ ಮಾಡುತ್ತಾನೆ. ಚಿತ್ರ ಅದನ್ನು ಪ್ರೇಮವೆಂದು ಮಾರುತ್ತದೆ.

ಮಾತು ಯಾವ ದನಿಯದೆಂದು ಓದುವವರಿಗೆ ತಿಳಿಯದ ಕಡೆ ಆವರಣದಲ್ಲಿ (ಸಿಟ್ಟಿನಿಂದ), (ನಗುತ್ತ) ಎಂಬಂಥ ಒಂದು ಪದ ಹಾಕುವುದು ನಿಯಮ. ಭಾವನ ದನಿಗೆ ಷಹನಾಜ್‌ಗೆ ಪದ ಸಿಗುತ್ತಿರಲಿಲ್ಲ.

ಅದು 2005ರ ಒಂದು ಶುಕ್ರವಾರ. ನಾಲ್ಕರ ಹೊತ್ತಿಗೆ ಮೇಲಿನ ಅಪಾರ್ಟ್‌ಮೆಂಟಿನ ಗುರುದೇವಿ ಬಂದಳು. ಧಾರವಾಡದಲ್ಲಿ ಮೈಕ್ರೊಬಯಾಲಜಿ ಓದಿ, ಗಂಡನ ಜೊತೆ ಈ ಪರದೇಶಕ್ಕೆ ಬಂದವಳು. ಹತ್ತಿರದ ಊರು ಇಟಾಸ್ಕಾದ ಒಂದು ಲ್ಯಾಬ್ ಅವಳಿಗೆ ಕೆಲಸ ಕೊಟ್ಟಿತ್ತು. ಉತ್ತರ ಹೇಳಲು ಆ ಸಂಜೆ ಐದರವರೆಗೆ ಸಮಯ.

"ನಿಮ್ಮ ಫೋನ್ ಕೊಡ್ರಿ. ಕೆಲಸ ಬ್ಯಾಡ ಅಂತ ಹೇಳಿಬಿಡ್ತೀನಿ. ನಮ್ಮ ಫೋನ್ ಅವರ ಕಡೆ ಐತಿ."

ಅವರು ಎಂದರೆ ಗಂಡ ಸುಶಾಂತ. ಎಲ್ಲಿಗೆ ಹೋಗಬೇಕಾದರೂ ತಾನೇ ಕರೆದೊಯ್ಯುತ್ತಿದ್ದ. ಅವಳು ಡ್ರೈವಿಂಗ್ ಕಲಿತಿರಲಿಲ್ಲ. ಲೆಮಾಂಟಿನ ದೇವಸ್ಥಾನದಲ್ಲಿ ಅವನು ಅವಳ ಕೋಟು ಹಿಡಿದು ನಿಲ್ಲುವುದನ್ನು ನೋಡಿ ಆಂಟಿಯರು "ಎಷ್ಟು ಕೇರಿಂಗ್" ಎನ್ನುತ್ತಿದ್ದರಂತೆ. ಷಹನಾಜ್ ಕೂಡ ಹಾಗೇ ಅಂದಿದ್ದಳು.

"ಒಂದು ನಿಮಿಷ ಗುರುದೇವಿ, ಒಂದು ಪದ ಹುಡುಕಿಕೊಡಿ," ಎಂದು ಷಹನಾಜ್ ಪರದೆಯಲ್ಲಿದ್ದ ಭಾವನ ಸಾಲನ್ನು ಕನ್ನಡದಲ್ಲಿ ಹೇಳಿದಳು: "ನಿನ್ನ ಒಳ್ಳೇದಕ್ಕೇ ಹೇಳ್ತಿದೀನಿ. ಹೊರಗಿನವ್ರಿಗೆ ನೀನು ಅರ್ಥ ಆಗಲ್ಲ. ನೀನು ಹೋದ್ರೆ ನನ್ನ ಗತಿ ಏನು?" ಆಮೇಲೆ ಕೇಳಿದಳು: "ಇದನ್ನ ಯಾವ ದನೀಲಿ ಹೇಳ್ತಾನೆ ಅಂತ ಬರೀಲಿ?"

"ಪ್ರೀತಿಯಿಂದ ಅಂತ ಬರೀರಿ. ನಮ್ಮನಿಯವರು ನಿನ್ನೆ ಹಿಂಗ ಅಂದ್ರು."

"ಹೀಗೇನಾ?"

"ಅದ ಮಾತು. ಯಾವ ಪಿಚ್ಚರ್ ಇದು?"

ಷಹನಾಜ್ ಕೊಡಲೆಂದು ತೆಗೆದ ಫೋನನ್ನು ಕೈಯಲ್ಲೇ ಇಟ್ಟುಕೊಂಡಳು. ತಾನು ಅಕ್ಷರಕ್ಕಿಳಿಸುವುದು ವೈದ್ಯಕೀಯ ತರಬೇತಿಯ ಚಿತ್ರಗಳೆಂದು ಅವಳು ಊರಿಗೆಲ್ಲ ಹೇಳಿದ್ದಳು.

"ಹೊಲಸು ಪಿಚ್ಚರ್," ಎಂದು ಈಗ ನಿಜ ಹೇಳಿದಳು.

"ಮೆಡಿಕಲ್ ಅಂದಿದ್ರಲ್ಲ?" ಗುರುದೇವಿ ನಕ್ಕಳು. "ಅದಕ್ಕ ರಟ್ಟು ಹಚ್ಚೀರೇನು? ನಾ ಬಿಸಿಲಿಗೆ ಅಂತ ಮಾಡಿದ್ದೆ."

ನಗು ಬೇಗ ನಿಂತಿತು. ರಟ್ಟನ್ನೇ ನೋಡುತ್ತ ಕೇಳಿದಳು: "ಪಿಚ್ಚರಿನಾಗ ಆಕಿ ಮುಂದ ಏನ್ ಮಾಡ್ತಾಳ?"

"ಗೆಳತಿಗೆ ಫೋನ್ ಮಾಡಿ ಬರಲ್ಲ ಅಂತಾಳೆ. ಆಮೇಲೆ ಅವನ ಹತ್ರ ಹೋಗ್ತಾಳೆ. ಹಿನ್ನೆಲೇಲಿ ಪಿಯಾನೋ ಬಾರಿಸ್ತಾರೆ, ಖುಷಿಯಾಗಿದಾಳೆ ಅನ್ನೋ ಹಾಗೆ."

"ಖರೇನ ಖುಷಿ ಆಗ್ಯಾಳೇನು?"

"ಮುಖ ನಾನು ನೋಡಿಲ್ಲ."

"ದನಿ ಕೇಳಸ್ತದಲ್ಲ?"

ಷಹನಾಜ್ ಪುಟ ಇಳಿಸುತ್ತ ಹೋದಳು. "ಅಲ್ಲಿಂದಾಚೆಗೆ ಅವಳಿಗೆ ಮಾತೇ ಇಲ್ಲ. ಎಲ್ಲಾ ಅವನದೇ."

ಗುರುದೇವಿ ಫೋನಿಗೆ ಕೈ ಚಾಚಿದಳು. ಷಹನಾಜ್ ಫೋನ್ ಕೊಟ್ಟಳು. ಏನು ಹೇಳಬೇಕೆಂದು ಹೇಳಲಿಲ್ಲ. ಲ್ಯಾಬಿನವರು ಲೈನಿಗೆ ಬಂದಾಗ ಗುರುದೇವಿಯ ಇಂಗ್ಲಿಷ್ ಒಮ್ಮೆ ತಡವರಿಸಿತು. ಕೆಲಸಕ್ಕೆ ಬರುತ್ತೇನೆಂದಳು. ಆ ಕಡೆಯವರಿಗೆ ಕೇಳಿಸಲಿಲ್ಲವೇನೋ, ಇನ್ನೊಮ್ಮೆ ಗಟ್ಟಿಯಾಗಿ ಹೇಳಿದಳು.

"ಇವತ್ತು ಮನ್ಯಾಗ ದೊಡ್ಡ ಮಾತಾಗ್ತೈತಿ," ಎಂದು ಫೋನ್ ಇಟ್ಟಳು.

"ಜಗಳ ಆದ್ರೆ ಕೆಳಗೆ ಬನ್ನಿ. ಬಾಗಿಲು ತಟ್ಟಿ ಸಾಕು."

"ಬರ್ತೀನಿ. ಸೋಮವಾರ ಎಂಟಕ್ಕ ಬಾ ಅಂದಾರ. ಕಾರಿನಾಗ ಅಲ್ಲಿತನಕ ನನ್ನ ಬಿಡ್ತೀರೇನ್ರಿ?"

"ಬಿಡ್ತೀನಿ. ಆದ್ರೆ ನಾಳೆಯಿಂದಾನೇ ಪಾರ್ಕಿಂಗ್ ಲಾಟ್‌ನಲ್ಲಿ ಸ್ಟೀರಿಂಗ್ ಹಿಡೀಬೇಕು. ನನ್ನ ಕಾರು ಹಳೇದು, ಗುದ್ದಿದ್ರೂ ಪರವಾಗಿಲ್ಲ."

"ಯಾರಿಗೆ ಗುದ್ದಲಿ?" ಎಂದಳು ಗುರುದೇವಿ, ಮೇಲಿನ ಮಹಡಿಯತ್ತ ಕಣ್ಣು ಹಾಯಿಸಿ.