ಕೈಗುಣವೋ, ತಳಿಗುಣವೋ?

ಉಗ್ರಾಣದ ಬಾಗಿಲು ತೆಗೆದ ಅತ್ತೆ "ಅಯ್ಯಯ್ಯೋ!" ಎಂದು ಕೂಗಿದ ರಭಸಕ್ಕೆ, ಜಗಲಿಯಲ್ಲಿ ಗೊರಕೆ ಹೊಡೆಯುತ್ತಿದ್ದ ಮಾವ ಕೂಡ ಒಂದು ಕಣ್ಣು ಬಿಟ್ಟರು. ಕಿತ್ತು ಇನ್ನೂ ಎರಡು ತಿಂಗಳಾಗಿಲ್ಲ, ಆಲೂಗೆಡ್ಡೆಯೆಲ್ಲ ಮೊಳೆತು, ಸುಕ್ಕುಗಟ್ಟಿ ಕೂತಿತ್ತು.

"ನೋಡಿದ್ಯಾ? ನೀನು ಈ ಮನೆಗೆ ಬಂದ ಮೇಲೆ ಇದು ಎರಡನೇ ಸಲ. ನಿನ್ನ ಕೈಗುಣಾನೇ ಸರಿಯಿಲ್ಲ ಕಣೇ! ಇನ್ಮೇಲೆ ಉಗ್ರಾಣಕ್ಕೂ ಬರಬೇಡ, ಬಿತ್ತನೆಗೂ ಬರಬೇಡ."

ಸೊಸೆಗೆ ಅಳು ಒತ್ತರಿಸಿ ಬಂತು. ಹೊಲದ ಕೆಲಸವೆಂದರೆ ಅವಳಿಗೆ ಪ್ರಾಣ. ಏಟು ಬಿದ್ದ ಗೆಡ್ಡೆ ಬೇರೆ ಮಾಡಿ, ಉಳಿದದ್ದನ್ನು ಕತ್ತಲಲ್ಲಿ ಗಾಳಿಯಾಡುವಂತೆ ಹರವಿದವಳೂ ಅವಳೇ. ಇನ್ನೇನು ಮಾಡಬೇಕಿತ್ತು? ನೇರ ಬೀಜದಂಗಡಿಗೆ ಹೋಗಿ, ಅಲ್ಲಿ ಕೂರುವ ಬೀಜದಕ್ಕನನ್ನು ಕರೆದುಕೊಂಡೇ ಬಂದಳು.

ಬೀಜದಕ್ಕ ಗೆಡ್ಡೆಯನ್ನು ತಿರುಗಿಸಿ ನೋಡಿದಳು. "ಅಮ್ಮಾ, ಇದು ಕೈಗುಣ ಅಲ್ಲ, ತಳಿಗುಣ. ಕಿತ್ತ ಮೇಲೆ ಗೆಡ್ಡೆ ನಿದ್ದೆ ಮಾಡುತ್ತೆ. ಕೆಲವು ತಳಿ ಬೇಗ ಏಳುತ್ತೆ, ಕೆಲವು ನಿಧಾನ. ಎರಡು ಬೆಳೆಯಿಂದ ನೀವು ಹಾಕ್ತಿರೋದು ಬೇಗ ಏಳೋ ತಳಿ. ಜೀನ್ ಅಂತಾರಲ್ಲ, ಅದರಲ್ಲೇ ವಂಶದಿಂದ ಬಂದಿರುತ್ತೆ."

"ಗೆಡ್ಡೆಗೆ ನಿದ್ದೆಯಂತೆ! ಹಾಗಾದ್ರೆ ನಮ್ಮ ಯಜಮಾನ್ರು ಯಾವ ತಳಿ?"

"ಚೆನ್ನಾಗಿ ಬಾಳಿಕೆ ಬರೋ ತಳಿ," ಎಂದಳು ಬೀಜದಕ್ಕ. "ತಮಾಷೆ ಬಿಡಿ. ಈ ಸಲ ನಿಮ್ಮ ತಳಿ ಜೊತೆ ನಾನು ಕೊಡೋ ತಳೀನೂ ಹಾಕಿ. ಕಿತ್ತ ಮೇಲೆ ಎರಡರದ್ದೂ ಒಂದೊಂದು ಬುಟ್ಟಿ ಸೊಸೆ ಕೈಲೇ ಇಡಿಸಿ."

ಹಾಗೇ ಆಯಿತು. ಕೊಯ್ಲಾಗಿ ಐವತ್ತನೆಯ ದಿನ ಅತ್ತೆ, ಸೊಸೆ, ಬೀಜದಕ್ಕ ಮೂವರೂ ಉಗ್ರಾಣಕ್ಕೆ ಹೋದರು. ಹಳೆಯ ತಳಿಯ ಬುಟ್ಟಿಯಲ್ಲಿ ಮೊಳಕೆಯೋ ಮೊಳಕೆ. ಪಕ್ಕದ ಹೊಸ ತಳಿ ಗಟ್ಟಿಯಾಗಿ ನಿದ್ದೆ ಹೊಡೆಯುತ್ತಿತ್ತು.

ಅತ್ತೆ ಸೋಲುವವರೇ? "ಮೊಳೆತಿದ್ದನ್ನ ಎಡಗೈಲಿ ಹಾಕಿರ್ತಾಳೆ!"

ಅಷ್ಟರಲ್ಲಿ ಒಳಗಿಂದ ಮಾವನ ದನಿ ಕೇಳಿಸಿತು. ಚಪ್ಪಲಿ ಹುಡುಕಲು ಮಂಚದಡಿ ಬಗ್ಗಿದ್ದರು. "ಇದೇನೇ, ಮಂಚದ ಕೆಳಗೆ ತೋಟ ಮಾಡಿದ್ದೀಯಾ?"

ಅತ್ತೆಯ ಮುಖ ಕೆಂಪಾಯಿತು. ತಮ್ಮ ಕೈಗುಣ ತೋರಿಸಬೇಕೆಂದು ಹಳೆಯ ತಳಿಯದೇ ಒಂದು ಬುಟ್ಟಿಯನ್ನು ಕದ್ದುಮುಚ್ಚಿ ಅಲ್ಲಿಟ್ಟಿದ್ದರು. ಅದೂ ಗೇಣುದ್ದ ಮೊಳೆತಿತ್ತು.

ನಗು ತಡೆಯಲು ಸೊಸೆ ತುಟಿ ಕಚ್ಚಿಕೊಂಡಳು. ಕೊನೆಗೆ ನಕ್ಕವರು ಅತ್ತೆಯೇ. "ಸುಮ್ಮನೆ ನಿನ್ನ ಗೋಳು ಹೊಯ್ಕೊಂಡೆ, ತಪ್ಪಾಯ್ತು ಕಣಮ್ಮ. ಮುಂದಿನ ಬಿತ್ತನೆಗೆ ಯಾವ ತಳಿ ಅಂತ ನೀನೇ ಹೇಳು."

ಅಕ್ಕಂದಿರೇ, ಅಣ್ಣಂದಿರೇ, ಬಿತ್ತನೆ ಗೆಡ್ಡೆ ತರುವಾಗ ಇಳುವರಿ ಎಷ್ಟೆಂದು ಮಾತ್ರ ಕೇಳಬೇಡಿ, ಕಿತ್ತ ಮೇಲೆ ಎಷ್ಟು ದಿನ ಕೆಡದೆ ಇರುತ್ತದೆ ಎಂದೂ ಕೇಳಿ. ಬೇಗ ಮೊಳೆಯುವುದನ್ನು ಮೊದಲು ಬಳಸಿ, ಮಾರಿ. ನಿಧಾನದ್ದನ್ನು ಬೇರೆಯಾಗಿ ಉಳಿಸಿಕೊಳ್ಳಿ. ಯಾವ ತಳಿಗಾದರೂ ಕತ್ತಲು, ತಂಪು, ಗಾಳಿ ಬೇಕೇ ಬೇಕು. ಬೆಳಕು ತಾಗಿ ಹಸಿರಾದ ಗೆಡ್ಡೆ ತಿನ್ನಬೇಡಿ, ಅದು ವಿಷ. ಇಷ್ಟನ್ನೂ ವಿಚಾರಿಸದೆ ಮನೆಯ ಹೆಣ್ಣುಮಗಳನ್ನು ಮಾತ್ರ ಬೈಯಬೇಡಿ.